ಮೈಸೂರಿನಲ್ಲಿ ಎಲ್ಲಿ ತಿನ್ನೋಣ? ಸ್ಟಾರ್ ನೋಡಿ ಹೋಗೋದಾ, ಕೇಳಿ ಹೋಗೋದಾ?

ಹುಬ್ಬಳ್ಳಿ ಸೊಸೆ
ಮುಂದಿನ ವಾರ ಅತ್ತೆ, ಮಾವ, ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಬರುತ್ತಿದ್ದೇವೆ. ಎರಡು ದಿನ ಇರುತ್ತೇವೆ. ಮಾವನಿಗೆ ಶುಗರ್. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ನನ್ನ ಗಂಡನೊಬ್ಬನನ್ನು ಬಿಟ್ಟರೆ ಎಲ್ಲರೂ ಸಸ್ಯಾಹಾರಿಗಳು. ಮ್ಯಾಪ್ ತೆಗೆದು ನೋಡಿದರೆ ತಲೆ ಕೆಡುತ್ತಿದೆ. ನಾವು ಉಳಿಯುವ ಲಾಡ್ಜ್ ಪಕ್ಕದ ಹೋಟೆಲ್‌ಗೆ 4.8 ಸ್ಟಾರ್ ಇದೆ. ಆದರೆ ಎಲ್ಲ ರಿವ್ಯೂಗಳಲ್ಲೂ ಒಬ್ಬನೇ ಸಪ್ಲೈಯರ್ ಹೆಸರು. ಅವರು ತುಂಬಾ ಚೆನ್ನಾಗಿ ನೋಡಿಕೊಂಡರು, ಆಂಬಿಯೆನ್ಸ್ ಸೂಪರ್ ಅಂತ. ಊಟ ಹೇಗಿತ್ತು ಅಂತ ಒಬ್ಬರೂ ಬರೆದಿಲ್ಲ.

ಮೈಲಾರಿ ದೋಸೆ ತಿನ್ನಲೇಬೇಕು ಅಂತ ಮಾವನ ಆಸೆ. ಹುಡುಕಿದರೆ ಅದೇ ಹೆಸರಿನವು ಒಂದಕ್ಕಿಂತ ಜಾಸ್ತಿ ಇವೆ. ಒಬ್ಬರು ಸ್ವರ್ಗ ಅನ್ನುತ್ತಾರೆ, ಇನ್ನೊಬ್ಬರು ಸಾಂಬಾರ್ ಕೊಡಲಿಲ್ಲ ಅಂತ ಒಂದು ಸ್ಟಾರ್ ಒತ್ತಿದ್ದಾರೆ. ಈ ರಿವ್ಯೂಗಳನ್ನು ನಂಬಬಹುದಾ?

ಮೈಸೂರು ಮಾವ
ನೋಡಮ್ಮ, ಮೈಲಾರಿ ದೋಸೆಗೆ ಕಾಯಿ ಚಟ್ನಿ, ಒಳಗೆ ಸಾಗು, ಮೇಲೆ ಬೆಣ್ಣೆ. ಅಷ್ಟೇ. ಅದು ಮೆತ್ತಗಿನ ದೋಸೆ, ಗರಿಗರಿ ಅಲ್ಲ. ಮೆತ್ತಗಿದೆ ಅಂತ ಸ್ಟಾರ್ ಕಡಿಮೆ ಕೊಟ್ಟವರನ್ನೂ ನೋಡಿದ್ದೇನೆ. ನಜರ್‌ಬಾದ್‌ನಲ್ಲಿ ಹತ್ತಿರ ಹತ್ತಿರವೇ ಎರಡು ಇವೆ, ಎರಡೂ ನಾವೇ ಒರಿಜಿನಲ್ ಅನ್ನುತ್ತವೆ, ಎರಡರ ಬೋರ್ಡಿನ ಹಿಂದೆಯೂ 1938ರ ಕತೆ ಇದೆ. ಒಂದಕ್ಕೆ ಹೋಗಿ ಬಂದವರು ಇನ್ನೊಂದರ ಪುಟದಲ್ಲಿ ಬರೆಯುತ್ತಾರೆ. ಹಾಗಾಗಿ ಆ ಸ್ಟಾರ್‌ಗಳು ಯಾರವು ಅಂತ ಹೇಳುವುದೇ ಕಷ್ಟ. ಬೆಳಿಗ್ಗೆ ಬೇಗ ಹೋಗಿ, ಯಾವುದರ ಮುಂದೆ ಕ್ಯೂ ಚಿಕ್ಕದೋ ಅಲ್ಲಿ ಕೂರಿ. ಎರಡರಲ್ಲೂ ಜಾಗ ಚಿಕ್ಕದು, ಗಡಿಬಿಡಿ ಜಾಸ್ತಿ. ನಿಮ್ಮ ಅತ್ತೆಯವರನ್ನು ಮೊದಲು ಕೂರಿಸಿಬಿಡಿ.

ರಿವ್ಯೂ ಬಿಡಿ, ಊರಿನವರನ್ನು ಕೇಳಿ. ನಮ್ಮ ಕಾಲದಲ್ಲಿ ಬೇರೆ ಊರಿಗೆ ಹೋದರೆ ಹಾಗೇ ಮಾಡುತ್ತಿದ್ದೆವು.

ಬಾಡೂಟ ಬಸ್ಯಾ
ಅಕ್ಕಾ, ನಿಮ್ಮ ಯಜಮಾನರನ್ನು ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್‌ಗೆ ಕಳಿಸಿ, ಮಟನ್ ಪಲಾವ್‌ಗೆ. 1930ರ ಹೋಟೆಲ್. ಅಲ್ಲೂ ಅದೇ ಕತೆ, ಊರ ತುಂಬಾ ಹನುಮಂತುಗಳು ಇದ್ದಾರೆ. ಮಂಡಿ ಮೊಹಲ್ಲಾದ್ದು ಅಂತ ಕೇಳಿಕೊಂಡು ಹೋಗಲಿ. ಲೇಟಾದರೆ ಪಲಾವ್ ಖಾಲಿ, ಆಮೇಲೆ ನನ್ನನ್ನು ಬೈಯಬೇಡಿ.

ಲೆಕ್ಕದ ಮೇಷ್ಟ್ರು
ಊರಿನವರನ್ನು ಕೇಳಿ ಅನ್ನುವ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಊರಿನವರು ಹೇಳುವುದು ಯಾವಾಗಲೂ ಅದೇ ಐದಾರು ಹೆಸರು. ಬೆಂಗಳೂರಿನಲ್ಲಿ ಕೇಳಿ ನೋಡಿ: 1924ರ ಎಂಟಿಆರ್, 1943ರ ವಿದ್ಯಾರ್ಥಿ ಭವನ, ಮಲ್ಲೇಶ್ವರದ ಸಿಟಿಆರ್, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಎಲ್ಲ ಒಳ್ಳೆಯ ಜಾಗಗಳೇ. ಆದರೆ ಕಳೆದ ವರ್ಷ ಶುರುವಾದ ಹೋಟೆಲ್‌ನವನು ಏನು ಮಾಡಬೇಕು? ಅವನ ಹೆಸರು ಯಾವ ಅಜ್ಜನ ಬಾಯಲ್ಲೂ ಬರುವುದಿಲ್ಲ.

ಆಗ ಹಾರ್ವರ್ಡ್‌ನಲ್ಲಿದ್ದ ಮೈಕೆಲ್ ಲೂಕಾ ಅನ್ನುವವರು ಅಮೆರಿಕದ ಸಿಯಾಟಲ್ ನಗರದ ರೆಸ್ಟೋರೆಂಟ್‌ಗಳ ಆದಾಯವನ್ನೂ ಯೆಲ್ಪ್ ಅನ್ನುವ ರಿವ್ಯೂ ಸೈಟ್‌ನ ಸ್ಟಾರ್‌ಗಳನ್ನೂ ಪಕ್ಕಪಕ್ಕ ಇಟ್ಟು 2011ರಲ್ಲಿ ಒಂದು ಪ್ರಬಂಧ ಬರೆದರು. ಒಂದು ಸ್ಟಾರ್ ಏರಿದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತಿತ್ತು. ಆದರೆ ಅದು ಸ್ವತಂತ್ರ ಹೋಟೆಲ್‌ಗಳಿಗೆ ಮಾತ್ರ. ಎಲ್ಲ ಕಡೆ ಬ್ರಾಂಚ್ ಇರುವ ಚೈನ್‌ಗಳಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಅವುಗಳ ಬಗ್ಗೆ ಜನಕ್ಕೆ ಮೊದಲೇ ಗೊತ್ತಲ್ವಾ. ಅಂದರೆ ರಿವ್ಯೂ ಬೇಕಾಗಿರುವುದೇ ಹೆಸರಿಲ್ಲದ ಚಿಕ್ಕ ಹೋಟೆಲ್‌ಗೆ.

ಗಲ್ಲಾಪೆಟ್ಟಿಗೆ
ಮೇಷ್ಟ್ರೇ, ನಾನೇ ಆ ಹೆಸರಿಲ್ಲದ ಚಿಕ್ಕ ಹೋಟೆಲ್‌ನವನು. ನಮ್ಮೂರು ಕುಂದಾಪುರದ ಕಡೆ, ಹೋಟೆಲ್ ಹಾಸನದಲ್ಲಿ. ಗಲ್ಲಾದ ಮೇಲೆ ಕೂತು ನೋಡಿದರೆ ನಿಮ್ಮ ಲೆಕ್ಕ ಬೇರೆ ಥರ ಕಾಣುತ್ತದೆ.

ಆ ಶೇ 9ರ ಆಸೆಗೇ ಎಲ್ಲ ಆಟ ನಡೆಯುವುದು. ವಾಟ್ಸಾಪ್‌ನಲ್ಲಿ ಮೆಸೇಜ್ ಬರುತ್ತದೆ: ಇಷ್ಟು ದುಡ್ಡಿಗೆ ಇಷ್ಟು ಫೈವ್ ಸ್ಟಾರ್, ಫೋಟೋ ಸಮೇತ. ಫೋಟೋ ನಮ್ಮ ಹೋಟೆಲ್‌ದೇ ಆಗಬೇಕು ಅಂತೇನೂ ಇಲ್ಲ. ಬೇಡ ಅಂದರೆ ಪಕ್ಕದವನು ತಗೊಳ್ಳುತ್ತಾನೆ. ಆಮೇಲೆ ರೀಲ್ಸ್ ಮಾಡುವ ಹುಡುಗರು. ಒಬ್ಬ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಹೊಟ್ಟೆ ತುಂಬ ತಿಂದು, ಬಿಲ್ ಕೊಟ್ಟಾಗ ಫಾಲೋವರ್ಸ್ ಎಷ್ಟು ಅಂತ ಫೋನ್ ತೋರಿಸಿದ.

ಇನ್ನು ಪಾರ್ಸೆಲ್ ಕತೆ. ದೋಸೆ ಕಾವಲಿ ಮೇಲಿಂದ ತಟ್ಟೆಗೆ ಬಂದ ಎರಡು ನಿಮಿಷದಲ್ಲಿ ತಿನ್ನಬೇಕು. ಡಬ್ಬಿಯಲ್ಲಿ ಅರ್ಧ ಗಂಟೆ ಬೆವರಿದ ಮೇಲೆ ಅದು ದೋಸೆಯಾಗಿ ಉಳಿಯುವುದಿಲ್ಲ. ಮಳೆಯಲ್ಲಿ ಸಿಕ್ಕಿಹಾಕಿಕೊಂಡ ಡೆಲಿವರಿ ಹುಡುಗನ ತಪ್ಪಿಗೂ ಸ್ಟಾರ್ ಕಳೆದುಕೊಳ್ಳುವುದು ನಾವೇ.

ಲೆಕ್ಕದ ಮೇಷ್ಟ್ರು
ಪಾರ್ಸೆಲ್ ವಿಷಯಕ್ಕೆ ಒಂದು ಮಾತು. ಜೊಮ್ಯಾಟೊದಲ್ಲಿ ಕೂತು ತಿನ್ನುವುದಕ್ಕೆ ಬೇರೆ ರೇಟಿಂಗ್, ಡೆಲಿವರಿಗೆ ಬೇರೆ ರೇಟಿಂಗ್ ಇದೆ. ಹೋಟೆಲ್‌ಗೇ ಹೋಗಿ ತಿನ್ನುವವರು ಮೊದಲನೆಯದನ್ನು ನೋಡಬೇಕು. ಹೆಚ್ಚಿನವರು ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ನೋಡಿ ಮುಗಿಸುತ್ತಾರೆ.

ಸುಳ್ಳು ರಿವ್ಯೂ ಇಲ್ಲ ಅಂತ ನಾನೂ ಹೇಳುತ್ತಿಲ್ಲ. ಗೂಗಲ್ ತಾನೇ ಹೇಳಿದ ಲೆಕ್ಕದಂತೆ, 2023ರಲ್ಲಿ ನಿಯಮ ಮೀರಿದ 17 ಕೋಟಿಗೂ ಹೆಚ್ಚು ರಿವ್ಯೂಗಳನ್ನು ತಡೆದಿದೆ ಅಥವಾ ತೆಗೆದಿದೆ.

ಬಾಡೂಟ ಬಸ್ಯಾ
ಸಿಕ್ಕಿಬಿದ್ದಿದ್ದೇ 17 ಕೋಟಿ. ಸಿಕ್ಕಿಬೀಳದೆ ಇದ್ದವು?

ಮೈಸೂರು ಮಾವ
ಲಂಡನ್‌ನಲ್ಲಿ ಒಬ್ಬ ಇಲ್ಲದ ಹೋಟೆಲನ್ನೇ ನಂಬರ್ ಒನ್ ಮಾಡಿದ ಅಂತ ಮಗ ಹೇಳುತ್ತಿದ್ದ. ಅದು ನಿಜವಾ?

ಲೆಕ್ಕದ ಮೇಷ್ಟ್ರು
ನಿಜ ಸರ್. ಊಬಾ ಬಟ್ಲರ್ ಅನ್ನುವ ಪತ್ರಕರ್ತ, 2017ರಲ್ಲಿ. ಅದಕ್ಕೂ ಮೊದಲು ಅವನು ದುಡ್ಡಿಗೆ ಸುಳ್ಳು ರಿವ್ಯೂ ಬರೆಯುವ ಕೆಲಸ ಮಾಡಿದ್ದ. ತಾನಿದ್ದ ಮನೆಯ ಹಿತ್ತಲಿನ ಶೆಡ್ ಅನ್ನು ರೆಸ್ಟೋರೆಂಟ್ ಅಂತ ಟ್ರಿಪ್‌ಅಡ್ವೈಸರ್ ಅನ್ನುವ ರಿವ್ಯೂ ಸೈಟ್‌ನಲ್ಲಿ ಸೇರಿಸಿದ. ಶೇವಿಂಗ್ ಫೋಮ್ ಹಾಕಿ ತಿಂಡಿಯ ಫೋಟೋ ತೆಗೆದ. ಗೆಳೆಯರಿಂದ ರಿವ್ಯೂ ಬರೆಸಿದ. ಯಾರೇ ಫೋನ್ ಮಾಡಿದರೂ ಸೀಟು ಖಾಲಿ ಇಲ್ಲ ಅಂದ. ಸೀಟು ಸಿಗದಷ್ಟೂ ಜನರ ಆಸೆ ಹೆಚ್ಚಿತು. ಕೊನೆಗೆ ಲಂಡನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಬಂತು.

ಮೈಸೂರು ಮಾವ
ಮತ್ತೆ ನೀವೇ ನನ್ನ ಪರ ವಾದ ಮಾಡಿಬಿಟ್ಟಿರಲ್ಲ ಮೇಷ್ಟ್ರೇ.

ಒಂಟಿ ಸವಾರಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಈಗ ಒಂದು ಮಾತು. ನಾನು ಔಷಧಿ ಕಂಪನಿಯ ಕೆಲಸಕ್ಕೆ ಊರೂರು ಸುತ್ತುತ್ತೇನೆ, ಒಬ್ಬಳೇ. ಊರಿನವರನ್ನು ಕೇಳಿ ಅಂತೀರಲ್ಲ, ಯಾರನ್ನು ಕೇಳಲಿ? ರಾತ್ರಿ ಒಂಬತ್ತಕ್ಕೆ ಬಸ್ ಇಳಿದು, ಸ್ಟ್ಯಾಂಡ್‌ನಲ್ಲಿ ನಿಂತ ಗಂಡಸರನ್ನಾ? ಆಟೋದವರನ್ನು ಕೇಳಿದರೆ ಕಮಿಷನ್ ಕೊಡುವ ಹೋಟೆಲ್ ಮುಂದೆ ಇಳಿಸುವವರೂ ಇದ್ದಾರೆ.

ನಾನು ಮ್ಯಾಪ್‌ನಲ್ಲಿ ರುಚಿ ಹುಡುಕುವುದೇ ಇಲ್ಲ. ರಿವ್ಯೂಗಳ ಒಳಗೆ ಹುಡುಕುವ ಜಾಗ ಇದೆಯಲ್ಲ, ಅಲ್ಲಿ ಟಾಯ್ಲೆಟ್ ಅಂತ ಹಾಕುತ್ತೇನೆ. ಆಮೇಲೆ ಫ್ಯಾಮಿಲಿ ಅಂತ. ಹೆಂಗಸರು ಬರೆದದ್ದನ್ನು ಓದುತ್ತೇನೆ. ಚಿಲಕ ಇಲ್ಲ, ಬಾರ್ ಪಕ್ಕದಲ್ಲೇ ಇದೆ, ರಾತ್ರಿ ಒಬ್ಬರೇ ಹೋದರೆ ದುರುಗುಟ್ಟಿ ನೋಡುತ್ತಾರೆ. ಈ ಥರದ್ದನ್ನು ದುಡ್ಡು ಕೊಟ್ಟು ಯಾರು ಬರೆಸುತ್ತಾರೆ ಹೇಳಿ? ಫೈವ್ ಸ್ಟಾರ್ ಕೊಟ್ಟವರೂ ಇವನ್ನು ಮರೆಯದೆ ಬರೆದಿರುತ್ತಾರೆ. ಹುಬ್ಬಳ್ಳಿಯವರೇ, ನೀವು ಮೆಟ್ಟಿಲು, ಲಿಫ್ಟ್ ಅಂತ ಹುಡುಕಿ. ಜನ ಹಾಕಿದ ಫೋಟೋಗಳಲ್ಲಿ ಬಾಗಿಲಿನ ಫೋಟೋ ನೋಡಿ. ಅದರ ಮುಂದೆ ಮೂರು ಮೆಟ್ಟಿಲಿವೆಯೋ ಇಲ್ಲವೋ ಅನ್ನುವುದು ಮೈಸೂರು ಮಾವನವರಿಗೂ ನೆನಪಿರುವುದಿಲ್ಲ.

ಮೈಸೂರು ಮಾವ
ಅದು ಸರಿಯಮ್ಮ, ಮೆಟ್ಟಿಲು ಲೆಕ್ಕ ಹಾಕುವ ವಯಸ್ಸು ನನಗೂ ಈಗ ತಾನೇ ಬಂದಿದೆ. ಆದರೂ ರುಚಿಯ ವಿಷಯಕ್ಕೆ ನನ್ನ ಮಾತು ಬದಲಾಗುವುದಿಲ್ಲ. ಯಾರೋ ಗೊತ್ತಿಲ್ಲದವರು ಚೆನ್ನಾಗಿದೆ ಅಂದರೆ ಅವರ ನಾಲಿಗೆ ಎಂಥದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ನನ್ನ ತಂಗಿಯ ಗಂಡ ಚೆನ್ನಾಗಿದೆ ಅಂದರೆ ಅಲ್ಲಿ ಖಾರ ಜಾಸ್ತಿ ಅಂತ ಗೊತ್ತು, ನಾನು ಹೋಗುವುದಿಲ್ಲ.

ಬಾಡೂಟ ಬಸ್ಯಾ
ಮಾವನವರೇ, ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಕೇಳಿ ಹೋಗುವುದರಲ್ಲೂ ಒಂದು ತೊಂದರೆ ಇದೆ. ಯಾರನ್ನು ಕೇಳುತ್ತೇವೋ ಅವರ ಮನೆ ಊಟವೇ ಸಿಗುವುದು. ಬೆಂಗಳೂರಿನಲ್ಲಿ ಒಳ್ಳೆ ತಿಂಡಿ ಎಲ್ಲಿ ಅಂದರೆ ಹತ್ತರಲ್ಲಿ ಎಂಟು ಜನ ದೋಸೆ ಇಡ್ಲಿ ಹೋಟೆಲ್ ಹೇಳುತ್ತಾರೆ. ಡೊನ್ನೆ ಬಿರಿಯಾನಿ, ಕಾಲು ಸೂಪು, ಮುದ್ದೆ ಬೋಟಿ ಯಾರೂ ಹೇಳುವುದಿಲ್ಲ. ಮಿಲಿಟರಿ ಹೋಟೆಲ್‌ಗಳೂ ಎಷ್ಟೋ ಹಳೆಯವು, ಆದರೆ ಎಲ್ಲರ ಬಾಯಲ್ಲೂ ಬರುವ ಪಟ್ಟಿಯಲ್ಲಿ ಅವು ಇರುತ್ತಿರಲಿಲ್ಲ. ನನ್ನಂಥವನಿಗೆ ದಾರಿ ತೋರಿಸಿದ್ದು ಮ್ಯಾಪೇ. ಒಂದು ಉಪಾಯ ಹೇಳಲಾ? ರಿವ್ಯೂ ಒಳಗೆ ಕನ್ನಡ ಅಕ್ಷರದಲ್ಲೇ ಮುದ್ದೆ ಅಂತ, ಸಾರು ಅಂತ ಹುಡುಕಿ. ಕೂಲಿಗೆ ಬರೆಯುವವರು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ ಆಸಮ್ ಫುಡ್ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಸಾರು ನೀರಾಗಿತ್ತು ಕಣ್ರೀ ಅಂತ ಕನ್ನಡದಲ್ಲಿ ಬರೆದವನು ನಿಜವಾಗಿ ತಿಂದಿರುತ್ತಾನೆ.

ಗಲ್ಲಾಪೆಟ್ಟಿಗೆ
ಕೂಲಿಗೆ ಬರೆಯುವವರು ಅಂದಿರಲ್ಲ, ಅದರಲ್ಲಿ ಕೂಲಿ ಸಿಗದವರೂ ಇದ್ದಾರೆ. ಮನೆಯಲ್ಲೇ ಕೂತು ಹೋಟೆಲ್‌ಗಳಿಗೆ ಸ್ಟಾರ್ ಒತ್ತಿ ದುಡ್ಡು ಮಾಡಿ ಅಂತ ಟೆಲಿಗ್ರಾಮ್‌ನಲ್ಲಿ ಬರುತ್ತದಲ್ಲ. ಮೊದಲು ಒಂದೆರಡು ಸಲ ನೂರು ಇನ್ನೂರು ಹಾಕುತ್ತಾರೆ. ನಂಬಿಕೆ ಬಂದ ಮೇಲೆ ದೊಡ್ಡ ಟಾಸ್ಕ್‌ಗೆ ನೀವೇ ಮೊದಲು ದುಡ್ಡು ಕಟ್ಟಿ ಅನ್ನುತ್ತಾರೆ. ಕಟ್ಟಿದ್ದು ವಾಪಸ್ ಬರುವುದಿಲ್ಲ. ನಮ್ಮ ಸಪ್ಲೈಯರ್ ಹುಡುಗನೊಬ್ಬ ಹೀಗೇ ಒಂದು ತಿಂಗಳ ಸಂಬಳ ಕಳೆದುಕೊಂಡ. ಅವನು ಸ್ಟಾರ್ ಒತ್ತಿದ ಹೋಟೆಲ್‌ಗಳು ಯಾವ ಊರಿನವು ಅಂತಲೂ ಅವನಿಗೆ ಗೊತ್ತಿರಲಿಲ್ಲ. ಆ ಸ್ಟಾರ್‌ಗಳೆಲ್ಲ ಈಗಲೂ ಎಲ್ಲೋ ಕೂತಿರುತ್ತವೆ.

ಹುಬ್ಬಳ್ಳಿ ಸೊಸೆ
ಹಾಗಾದರೆ ಆ 4.8ರ ಹೋಟೆಲ್ ಸುಳ್ಳಾ?

ಗಲ್ಲಾಪೆಟ್ಟಿಗೆ
ಸುಳ್ಳು ಅಂತ ಹೇಳಲಾಗದು ಅಕ್ಕಾ. ಒಬ್ಬನೇ ಸಪ್ಲೈಯರ್ ಹೆಸರು ಬರುತ್ತಿದೆ ಅಂದರೆ ಅಲ್ಲಿ ಮಾಲೀಕರು ಹುಡುಗರಿಗೆ ಟಾರ್ಗೆಟ್ ಕೊಟ್ಟಿರಬಹುದು. ನಿಮ್ಮ ಹೆಸರು ಬರೆಸಿದರೆ ತಿಂಗಳ ಕೊನೆಗೆ ಇಷ್ಟು ಇನಾಮು ಅಂತ. ಹುಡುಗ ಬಿಲ್ ಜೊತೆ ಫೋನ್ ಹಿಡಿದು ನಿಲ್ಲುತ್ತಾನೆ. ಅವನೆದುರೇ ಮೂರು ಸ್ಟಾರ್ ಒತ್ತುವ ಧೈರ್ಯ ಯಾರಿಗಿದೆ? ತಿಂದವರು ನಿಜ, ಬರೆದವರೂ ನಿಜ. ಆದರೆ ಅದು ಊಟದ ಮೇಲಿನ ಮಾತಲ್ಲ, ದಾಕ್ಷಿಣ್ಯ.

ಲೆಕ್ಕದ ಮೇಷ್ಟ್ರು
ಇದನ್ನು ಒಪ್ಪುತ್ತೇನೆ. ಅದಕ್ಕೇ ನಾನು 4.8ಕ್ಕಿಂತ 4.2 ಇಷ್ಟಪಡುವುದು, ಬರೆದವರ ಸಂಖ್ಯೆ ಸಾವಿರಗಳಲ್ಲಿದ್ದರೆ. ಅಷ್ಟು ಜನ ಬಂದ ಕಡೆ ಸಿಟ್ಟಾದವರೂ ಒಂದಿಷ್ಟು ಇರಲೇಬೇಕು. ಮತ್ತೆ ಕೆಳಗಿನಿಂದ ಓದಿ. ಒಂದು ಸ್ಟಾರ್‌ನವರು ಯಾವುದಕ್ಕೆ ಬೈದಿದ್ದಾರೆ? ಸಾಂಬಾರ್ ಇಲ್ಲ, ಕಾರ್ಡ್ ತಗೊಳ್ಳಲ್ಲ, ಶುಕ್ರವಾರ ಹೋದರೆ ಬಾಗಿಲು ಹಾಕಿತ್ತು ಅಂತಿದ್ದರೆ ಹೋಗಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜಾ ಅಂತ ಗೊತ್ತಿಲ್ಲದೆ ಬರುವವರು ಎಷ್ಟು ಜನವೋ. ಹಳಸಿದ ವಾಸನೆ, ಹೊಟ್ಟೆ ಕೆಟ್ಟಿತು ಅಂತ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆಯವರು ಬರೆದಿದ್ದರೆ ಬೇಡ.

ಸರ್ಕಾರವೂ ಸುಮ್ಮನಿಲ್ಲ. 2022ರ ನವೆಂಬರ್‌ನಲ್ಲಿ ಸರ್ಕಾರದ ಮಾನದಂಡ ಸಂಸ್ಥೆ ಬಿಐಎಸ್‌ನ ಐಎಸ್ 19000 ಅನ್ನುವ ಮಾನದಂಡ ಬಂತು. ರಿವ್ಯೂ ಬರೆದವರು ನಿಜವಾದ ಮನುಷ್ಯರೇ ಅಂತ ವೇದಿಕೆಗಳು ಪರೀಕ್ಷಿಸಬೇಕು ಅನ್ನುತ್ತದೆ.

ಗಲ್ಲಾಪೆಟ್ಟಿಗೆ
ಬೇಕಾದರೆ ಪಾಲಿಸಿ ಅಂತಲೇ ತಂದಿದ್ದು ಅಲ್ವಾ ಅದು? ನಮಗೆ ಹಾಗೆ ಬಿಟ್ಟಿದ್ದಾರಾ? ಆಹಾರ ಸುರಕ್ಷತೆಯವರ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ 14 ಅಂಕಿ, ಅದನ್ನು ಕಾಣುವ ಹಾಗೆ ಹಾಕದಿದ್ದರೆ ಇನ್‌ಸ್ಪೆಕ್ಟರ್ ಕೇಳುತ್ತಾರೆ. ನನಗೆ ಒಂದು ಸ್ಟಾರ್ ಕೊಟ್ಟವರ ಹೆಸರು ಯೂಸರ್ ಅಂತ ಇರುತ್ತದೆ. ಅವರು ಹಾಸನಕ್ಕೆ ಬಂದಿದ್ದರೋ ಇಲ್ಲವೋ ಅಂತ ನಾನು ಯಾರನ್ನು ಕೇಳಲಿ?

ಒಂಟಿ ಸವಾರಿ
ಅದು ಅನ್ಯಾಯವೇ. ಆದರೆ ಹೆಸರು ಹಾಕಿಯೇ ಬರೆಯಬೇಕು ಅಂತಾದರೆ, ಅಲ್ಲಿ ದುರುಗುಟ್ಟಿ ನೋಡುತ್ತಾರೆ ಅಂತ ಯಾವ ಹುಡುಗಿಯೂ ಬರೆಯುವುದಿಲ್ಲ. ಅದನ್ನೂ ಯೋಚನೆ ಮಾಡಿ ಸರ್.

ಲೆಕ್ಕದ ಮೇಷ್ಟ್ರು
ಗಲ್ಲಾಪೆಟ್ಟಿಗೆಯವರೇ, ಒಂದು ನೇರ ಪ್ರಶ್ನೆ. ನಿಮ್ಮ ಗಲ್ಲಾದ ಮೇಲೆ ರಿವ್ಯೂ ಕೊಡಿ ಅನ್ನುವ ಕ್ಯೂಆರ್ ಇದೆಯಾ ಇಲ್ಲವಾ?

ಗಲ್ಲಾಪೆಟ್ಟಿಗೆ
ಇದೆ. ದುಡ್ಡಿನ ಕ್ಯೂಆರ್ ಪಕ್ಕದಲ್ಲೇ. ಗೊತ್ತಾಗದೆ ಅದಕ್ಕೇ ದುಡ್ಡು ಹಾಕಲು ನೋಡುವವರೂ ಇದ್ದಾರೆ. ಇಡದೆ ಏನು ಮಾಡಲಿ? ದಿನಾ ಬರುವವರು ಭಟ್ಟರೇ ಇವತ್ತು ಚಟ್ನಿ ಚೆನ್ನಾಗಿತ್ತು ಅಂತ ಬಾಯಲ್ಲಿ ಹೇಳಿ ಹೋಗುತ್ತಾರೆ. ಅವರು ಬರೆಯುವುದಿಲ್ಲ. ಬರೆಯುವವರು ಒಂದೋ ಸಿಟ್ಟಾದವರು, ಇಲ್ಲ ಹೊರಗಿನವರು. ಆದರೆ ಸ್ಟಾರ್‌ಗೆ ಫ್ರೀ ಕಾಫಿ ಅಂತ ಬೋರ್ಡ್ ಹಾಕಿಲ್ಲ, ಹುಡುಗರನ್ನು ಫೋನ್ ಹಿಡಿದು ನಿಲ್ಲಿಸಿಲ್ಲ. 4.1 ಇದೆ.

ಒಂಟಿ ಸವಾರಿ
ಹಾಸನ ನನ್ನ ರೂಟೇ. ಟಾಯ್ಲೆಟ್ ಹೇಗಿದೆ ಹೇಳಿ, ಬರುತ್ತೇನೆ.

ಗಲ್ಲಾಪೆಟ್ಟಿಗೆ
ಒಂದೇ ಇದೆ, ಚಿಲಕ ಸರಿಯಾಗಿದೆ. ಆದರೆ ಮೂರು ಮೆಟ್ಟಿಲು ಇಳಿಯಬೇಕು. ಭಾನುವಾರ ಮಧ್ಯಾಹ್ನದ ಮೇಲೆ ಬರಬೇಡಿ, ಬಾಗಿಲು ಹಾಕಿರುತ್ತೇನೆ.