ಸಹಾಯ ಬೇಕು: ಭಾಷಾವಿಜ್ಞಾನ ಓದಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಗಳು ಬಿ.ಎ. ಕೊನೇ ವರ್ಷ. ಮುಂದೆ ಭಾಷಾವಿಜ್ಞಾನದಲ್ಲೇ ಎಂ.ಎ. ಅಂತ ಹಟ ಹಿಡಿದಿದ್ದಾಳೆ. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ನಮ್ಮಲ್ಲಿ ಹುಲಿ, ಹೀಗೇ ಒಂದು ನೋಟ್‌ಬುಕ್ ಪೂರ್ತಿ ತುಂಬಿಸಿದ್ದಾಳೆ. ಧಾರವಾಡದ ಅತ್ತೆ ಫೋನ್ ಮಾಡಿದರೆ ವಿಷಯ ಬಿಟ್ಟು ಉಚ್ಚಾರಣೆ ಕೇಳುತ್ತಾ ಕೂರುತ್ತಾಳೆ!

ಹೈದರಾಬಾದ್ ವಿಶ್ವವಿದ್ಯಾಲಯ, ಪುಣೆಯ ಡೆಕ್ಕನ್ ಕಾಲೇಜು ಎರಡೂ ಅವಳ ಮನಸ್ಸಿನಲ್ಲಿವೆ. ಓದಿಸೋಕೆ ನನಗೆ ಬೇಜಾರಿಲ್ಲ. ಆಮೇಲೆ ಕೆಲಸ? ಮೇಷ್ಟ್ರ ಕೆಲಸ ಒಂದೇನಾ? ನಿಘಂಟು, ಅನುವಾದ, ಮೊಬೈಲಿಗೆ ಕನ್ನಡ ಮಾತು ಕಲಿಸುವ ಕೆಲಸ ಅಂತೆಲ್ಲ ಹೇಳುತ್ತಾಳೆ. ಅದಕ್ಕೆ ಕೋಡಿಂಗ್ ಬರಲೇಬೇಕಾ? ಇವಳು ಆರ್ಟ್ಸ್, ಗಣಿತ ಕಂಡರೆ ಮಾರು ದೂರ. ಈಗಿನಿಂದಲೇ ಪೈಥಾನ್ ಕ್ಲಾಸಿಗೆ ಸೇರಿಸಲಾ? ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕೆಲಸ ಮಾಡಿದವರಿದ್ದರೆ ದಯವಿಟ್ಟು ಇಲ್ಲೇ ಉತ್ತರಿಸಿ. ಅವಳೂ ಓದುತ್ತಾಳೆ.