ಅಪ್‌ಡೇಟ್: ಕಾರಿನ ಡಿಕ್ಕಿಯ ಗಡಗಡ, ಬ್ಯಾಟರಿ ಡೌನ್ ಎರಡೂ ಸರಿಹೋಯಿತು

ಸಬ್‌ವೂಫರ್ (ಬಾಸ್ ಸದ್ದಿನ ದೊಡ್ಡ ಸ್ಪೀಕರ್) ಹಾಕಿಸಿದ ಮೇಲೆ ಡಿಕ್ಕಿ ಗಡಗಡ ಅನ್ನುತ್ತದೆ, ಎರಡು ದಿನ ನಿಲ್ಲಿಸಿದರೆ ಕಾರು ಸ್ಟಾರ್ಟೇ ಆಗಲ್ಲ ಅಂತ ಕೇಳಿದ್ದೆ ಅಲ್ವಾ, ಎರಡಕ್ಕೂ ಕಾರಣ ಸಿಕ್ಕಿತು.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ನಡುವೆ ಕರೆಂಟ್ ಅಳೆಯಲು ಮಲ್ಟಿಮೀಟರ್ ಸೇರಿಸಿ ಅರ್ಧ ಗಂಟೆ ಕಾದೆ. ಕಾರು ಆಫ್ ಇದ್ದಾಗ ಬ್ಯಾಟರಿಯಿಂದ ಹರಿಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪ್ ಒಳಗಿರಬೇಕು, ನನ್ನದು 900 ತೋರಿಸಿತು! ಸಬ್‌ವೂಫರ್‌ಗೆ ಪವರ್ ಕೊಡುವ ಆಂಪ್ಲಿಫೈಯರ್ (ಆಂಪ್) ಫ್ಯೂಸ್ ತೆಗೆದ ತಕ್ಷಣ 30ಕ್ಕೆ ಇಳಿಯಿತು. ಫಿಟ್ ಮಾಡಿದವರು ಆಂಪ್ ಅನ್ನು ಆನ್-ಆಫ್ ಮಾಡುವ ರಿಮೋಟ್ ವೈರನ್ನು ಸದಾ ಕರೆಂಟ್ ಇರುವ ವೈರಿಗೇ ಸೇರಿಸಿಬಿಟ್ಟಿದ್ದರು, ಕೀ ತೆಗೆದರೂ ಆಂಪ್ ಆನ್ ಆಗೇ ಇರುತ್ತಿತ್ತು. ಆ ರಿಮೋಟ್ ವೈರನ್ನು, ಸ್ಟೀರಿಯೋ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ, ಸ್ಟೀರಿಯೋ ಹಿಂದಿನ ನೀಲಿ-ಬಿಳಿ ವೈರಿಗೆ ಬದಲಾಯಿಸಿದೆ.

ಗಡಗಡ ಬರುತ್ತಿದ್ದದ್ದು ನಂಬರ್ ಪ್ಲೇಟಿನಿಂದ. ಬಾಸ್ ಜಾಸ್ತಿ ಇಟ್ಟು ಅಂಗೈಯಲ್ಲಿ ಒತ್ತಿ ಹಿಡಿದರೆ ಸದ್ದು ನಿಂತುಹೋಗುತ್ತಿತ್ತು. ಪ್ಲೇಟಿನ ಹಿಂಭಾಗಕ್ಕೆ ಫೋಮ್ ಟೇಪ್ ಅಂಟಿಸಿದೆ, ಅಷ್ಟೇ.

ಈಗ ಐದು ದಿನ ನಿಲ್ಲಿಸಿದರೂ ಬ್ಯಾಟರಿ 12.5 ವೋಲ್ಟ್ ಇದೆ, ಅಂದರೆ ಚಾರ್ಜ್ ಚೆನ್ನಾಗಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಸುಮ್ನೆ ಹೊಸ ಬ್ಯಾಟರಿ ತರುವುದು ತಪ್ಪಿತು.