ಅಪ್‌ಡೇಟ್: ರೆಕ್ಕೆ ಫಿಟಿಂಗ್‌ಗಳು ಕೊನೆಗೂ ಸಾಲಿಗೆ ಬಂದವು

ಮನೆಯಲ್ಲೇ ಕಟ್ಟುತ್ತಿರುವ ವಿಮಾನದ ಒಡಲಿಗೆ (4130 ಎಂಬ ಮಿಶ್ರ ಉಕ್ಕಿನ ಕೊಳವೆ) ಎಡ-ಬಲ ರೆಕ್ಕೆಯ ಫಿಟಿಂಗ್‌ಗಳನ್ನು (ರೆಕ್ಕೆಯನ್ನು ಬೋಲ್ಟಿನಿಂದ ಜೋಡಿಸುವ ತುಂಡುಗಳು) ಒಂದೇ ಗೆರೆಗೆ ತರುವುದು ಹೇಗೆ ಎಂದು ಕೇಳಿದ್ದೆನಲ್ಲ, ಕೆಲಸ ಆಯಿತು.

ಲೇಸರ್ ಪ್ರಯೋಜನಕ್ಕೆ ಬರಲಿಲ್ಲ. ಅದರ ಗೆರೆಯೇ ಬೋಲ್ಟಿನ ಸಡಿಲಕ್ಕಿಂತ ದಪ್ಪ! ಗೆದ್ದದ್ದು ಡಮ್ಮಿ ಸ್ಪಾರ್ (ರೆಕ್ಕೆಯ ಮುಖ್ಯ ತೊಲೆಯ ಜಾಗಕ್ಕೆ ತಾತ್ಕಾಲಿಕ ತೊಲೆ) ಸಲಹೆ. ನೇರವಾದ ಉಕ್ಕಿನ ಚೌಕ ಕೊಳವೆಗೆ ಫಿಟಿಂಗ್‌ಗಳನ್ನು 1/4 ಇಂಚಿನ ಬೋಲ್ಟಿನಲ್ಲಿ ಬಿಗಿದೆ. ನೀರಿನ ಟ್ಯೂಬಿನಿಂದ ಮಟ್ಟ ನೋಡಿ, ಬಾಲದ ಕಂಬದಿಂದ ಎರಡೂ ತುದಿಗೆ ಟೇಪ್ ಹಿಡಿದು ಸಮ ಮಾಡಿ, ಆಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕಿದೆ.

ಅಚ್ಚರಿಯೆಂದರೆ, ಬೆಸುಗೆ ಪೂರ್ತಿ ಆರುವವರೆಗೆ ಸ್ಪಾರ್ ತೆಗೆಯದಿದ್ದರೂ ಒಂದು ಫಿಟಿಂಗ್ ಕೂದಲೆಳೆಯಷ್ಟು ಜರುಗಿತ್ತು. ತಣ್ಣಗಾಗುವಾಗ ಬೆಸುಗೆ ಎಳೆಯುತ್ತದೆ, ಅಲ್ವಾ. ಫಿಟಿಂಗ್‌ನ ತೂತು ಕೊನೆಯ ಅಳತೆಗಿಂತ ಸಣ್ಣದಾಗಿಯೇ ಇದ್ದದ್ದರಿಂದ ಬಚಾವ್. ರೀಮರ್ (ತೂತನ್ನು ನಿಖರವಾಗಿ ಹಿಗ್ಗಿಸುವ ಉಪಕರಣ) ಹಾಕಿ 5/16 ಇಂಚಿಗೆ ತಂದ ಮೇಲೆ ಬೋಲ್ಟ್ ಬೆರಳಿನಿಂದಲೇ ಒಳಗೆ ಹೋಯಿತು. ಡಮ್ಮಿ ಸ್ಪಾರ್ ಸಲಹೆ ಕೊಟ್ಟವರಿಗೆ ಥ್ಯಾಂಕ್ಸ್.